ಕಾರ್ಡಿನಲ್ಲಿ ಸಿಕ್ಕಿಕೊಂಡ ನಾಟಿಪದದ ಬಗ್ಗೆ ಪುಟ್ಟಿಗೆ

ಕುಶಾಲನಗರ
ಪುಷ್ಯ ಮಳೆ, ಮಂಗಳವಾರ

ಚಿ. ಪುಟ್ಟಿಗೆ ನಿನ್ನ ದೊಡ್ಡಪ್ಪ ಮಾಡುವ ಆಶೀರ್ವಾದಗಳು. ನಾವಿಲ್ಲಿ ಎಲ್ಲರೂ ಕ್ಷೇಮ. ಶಾಂತಳ್ಳಿ ಕಡೆ ಮಳೆ ಬಿಡುತ್ತಲೇ ಇಲ್ಲ, ಕೆಳಗಿನ ಗದ್ದೆಯ ನಾಟಿ ಅರ್ಧಕ್ಕೇ ನಿಂತಿದೆ ಅಂತ ನಿನ್ನಪ್ಪ ಹೇಳಿದ. ನಿನ್ನಜ್ಜಿ, ನಮ್ಮ ಅವ್ವನ ಕೆಮ್ಮು ಇಳಿದಿದೆ ಅಂತ ಕೇಳಿ ಜೀವಕ್ಕೆ ಹಾಯೆನಿಸಿತು.

ಅವ್ವನ ಕೈಲಿ ನಾಟಿಪದ ಹಾಡಿಸಿ, ನೀನು ಗಿಟಾರ್ ನುಡಿಸಿ, ಎರಡನ್ನೂ ಗಿಟಾರಿನ ದನಿ ದೊಡ್ಡದು ಮಾಡುವ ಆ ಆಂಪಿನಲ್ಲಿ, ಅದರ ಮೆಮೊರಿ ಕಾರ್ಡಿಗೆ ರೆಕಾರ್ಡ್ ಮಾಡಿದೆಯಂತೆ. ಸೇವ್ ಆಗುವಾಗ ಕರೆಂಟು ಹೋಯಿತಂತೆ. ಈಗ ಕಾರ್ಡಿನಲ್ಲಿ ಫೈಲ್ ಇದೆ, ಸೊನ್ನೆ ಸೆಕೆಂಡು ತೋರಿಸುತ್ತದೆ, ಹೊಸ 64 ಜಿಬಿ ಕಾರ್ಡನ್ನು ಆಂಪ್ ಕಣ್ಣೆತ್ತಿಯೂ ನೋಡುತ್ತಿಲ್ಲ, ಹಳೆಯದನ್ನೇ ಫಾರ್ಮ್ಯಾಟ್ ಮಾಡಿಬಿಡುತ್ತೇನೆ ಅಂತ ಬರೆದಿದ್ದೀಯ. ಆ ಕೊನೆಯ ಸಾಲಿಗಾಗಿಯೇ ಈ ಕಾಗದ. ಫಾರ್ಮ್ಯಾಟ್ ಮಾಡಬೇಡ. ಮಳೆಗೆ ನೆಟ್‌ವರ್ಕ್ ಕೈಕೊಡುತ್ತದೆ, ಫೋನಿನಲ್ಲಿ ಹೇಳಿದರೆ ಅರ್ಧ ಕೇಳಿಸುವುದಿಲ್ಲ. ಇದನ್ನು ಆಂಪಿನ ಪಕ್ಕದಲ್ಲಿಟ್ಟುಕೊಂಡು ನಿಧಾನವಾಗಿ ಓದು.

ಮೊದಲು ಹಳೆಯ ಕಾರ್ಡನ್ನು ತೆಗೆದು ಅದರ ಪಕ್ಕದ ಪುಟಾಣಿ ಗುಂಡಿಯನ್ನು ಲಾಕ್ ಕಡೆಗೆ ಸರಿಸು. ಲೇಬಲ್ ನಿನಗೆ ಕಾಣುವಂತೆ, ಕತ್ತರಿಸಿದ ಮೂಲೆ ಮೇಲೆ ಬಲಕ್ಕೆ ಬರುವಂತೆ ಹಿಡಿದರೆ ಗುಂಡಿ ಎಡ ಅಂಚಿನಲ್ಲಿರುತ್ತದೆ. ಕೆಳಗೆ ಸರಿದರೆ ಬರೆಯಲು ಬಿಡಬೇಡ ಎಂದು ಅರ್ಥ, ಮೇಲೆ ಸರಿದರೆ ಬರೆಯಬಹುದು. ಆ ಗುಂಡಿಗೂ ಒಳಗಿನ ಮೆಮೊರಿ ಚಿಪ್‌ಗೂ ಸಂಬಂಧವಿಲ್ಲ. ಸ್ಲಾಟಿನೊಳಗಿನ ಒಂದು ಸಣ್ಣ ಸ್ವಿಚ್ಚು ಅದನ್ನು ಮುಟ್ಟಿ ನೋಡುತ್ತದೆ, ಅಷ್ಟೆ. ಅದಕ್ಕೇ ಗುಂಡಿ ಸಡಿಲವಾದ ಕಾರ್ಡನ್ನು ಆಂಪಿಗೆ ತಳ್ಳುವಾಗ ಅದು ತಾನಾಗಿ ಕೆಳಗೆ ಜಾರಿ, 'ಪ್ರೊಟೆಕ್ಟೆಡ್' ಅಂತ ಪರದೆ ಮೇಲೆ ಬರುವುದುಂಟು. ಗುಂಡಿ ಮುರಿದು ಬಿದ್ದೇ ಹೋಗಿದ್ದರೆ ಆ ಕಚ್ಚಿನ ಮೇಲೆ ಚಿಕ್ಕ ಸೆಲ್ಲೋಟೇಪ್ ತುಂಡು ಅಂಟಿಸಿದರೂ ಕಾರ್ಡ್ ಮತ್ತೆ ಬರೆಸಿಕೊಳ್ಳುತ್ತದೆ. ಸದ್ಯಕ್ಕೆ ನಮಗೆ ಬೇಕಾದದ್ದು ಲಾಕ್. ಅವ್ವನ ಪದ ಕೈಗೆ ಸಿಗುವವರೆಗೆ ಆ ಕಾರ್ಡಿನ ಮೇಲೆ ಒಂದಕ್ಷರವೂ ಹೊಸದಾಗಿ ಬೀಳಬಾರದು.

ಯಾಕೆ ಇಷ್ಟು ಹೇಳುತ್ತೇನೆಂದರೆ, ಹಾಡು ಬಹುಶಃ ಅಲ್ಲೇ ಇದೆ. ಆಂಪ್ ದನಿಯನ್ನು ಉಳಿಸುವ ವೇವ್ ಫೈಲಿನ ತಲೆಯಲ್ಲಿ 44 ಬೈಟಿನಷ್ಟು ಚಿಕ್ಕ ಬರಹವಿರುತ್ತದೆ: ಇದು ಎಂಥ ಫೈಲು, ಸ್ಟೀರಿಯೋನೋ ಮೋನೋನೋ, ಒಟ್ಟು ಉದ್ದ ಎಷ್ಟು. ಉದ್ದ ಗೊತ್ತಾಗುವುದು ರೆಕಾರ್ಡಿಂಗ್ ಮುಗಿದ ಮೇಲೆ ತಾನೇ? ಹಾಗಾಗಿ ಯಂತ್ರ ಮೊದಲು ಆ ಜಾಗ ಖಾಲಿ ಬಿಟ್ಟು, ದನಿಯನ್ನೆಲ್ಲ ಬರೆದು, ಕಡೆಗೆ ಹಿಂದಿರುಗಿ ಬಂದು ಉದ್ದವನ್ನು ತುಂಬುವುದುಂಟು. ನಡುವೆ ಕರೆಂಟು ಹೋದರೆ ಆ ಜಾಗ ಸೊನ್ನೆಯಾಗಿಯೇ ಉಳಿಯುತ್ತದೆ. ಪ್ಲೇಯರ್ ತಲೆಬರಹ ಓದಿ 'ಸೊನ್ನೆ ಸೆಕೆಂಡು' ಅನ್ನುತ್ತದೆ. ಕೆಳಗೆ ಅವ್ವ ಹಾಡಿದ್ದು ಹಾಗೇ ಇರುತ್ತದೆ.

ಕಾರ್ಡನ್ನು ಕಂಪ್ಯೂಟರಿಗೆ ಹಾಕಿ ಫೈಲಿನ ಮೇಲೆ ರೈಟ್ ಕ್ಲಿಕ್ ಮಾಡಿ ಸೈಜ್ ನೋಡು. ಸಾಮಾನ್ಯ ಸಿಡಿ ಗುಣಮಟ್ಟದ ಸ್ಟೀರಿಯೋ, ಅಂದರೆ 44.1 ಕಿಲೋಹರ್ಟ್ಸ್, 16 ಬಿಟ್ ಆದರೆ ಒಂದು ನಿಮಿಷಕ್ಕೆ ಸುಮಾರು 10.6 ಎಂಬಿ. ಅವ್ವ ಹತ್ತು ನಿಮಿಷ ಹಾಡಿದ್ದರೆ ನೂರು ಎಂಬಿ ಮೇಲೆ ಇರಬೇಕು. ಹಾಗಿದ್ದರೆ ಗೆದ್ದೆವು. ಫೈಲನ್ನು ಕಂಪ್ಯೂಟರಿಗೆ ಕಾಪಿ ಮಾಡಿಕೊಂಡು, ಆಡಾಸಿಟಿ ಎಂಬ ಉಚಿತ ಸಾಫ್ಟ್‌ವೇರಿನಲ್ಲಿ ಫೈಲ್ ಮೆನುವಿನ ಇಂಪೋರ್ಟ್ ಒಳಗೆ 'ರಾ ಡೇಟಾ' ಅಂತ ಇದೆ, ಅದನ್ನು ಒತ್ತು. ಸೈನ್ಡ್ 16 ಬಿಟ್ ಪಿಸಿಎಂ, ಲಿಟಲ್ ಎಂಡಿಯನ್, ಸ್ಟೀರಿಯೋ, 44100 ಕೊಡು. ಅವ್ವನ ದನಿ ಗಂಡಸಿನ ಹಾಗೆ ದಪ್ಪವಾಗಿ ಎಳೆದೆಳೆದು ಬಂದರೆ ಸ್ಟೀರಿಯೋ ಫೈಲನ್ನು ಮೋನೋ ಅಂತ ಓದಿಸಿದ್ದೀಯ ಎಂದು ತಿಳಿ. ಚಿಕ್ಕ ಮಕ್ಕಳ ಹಾಗೆ ಕೀಚಲಾಗಿ ಓಡಿದರೆ ಅದರ ತಿರುಗುಮುರುಗು. ಬರೀ ಸೊರ್ರೆನ್ನುವ ಸದ್ದು ಬಂದರೆ ಆಂಪಿನ ಪುಸ್ತಕ ತೆಗೆದು ಅದು 16 ಬಿಟ್ಟೋ 24 ಬಿಟ್ಟೋ ನೋಡಿ ಮತ್ತೆ ಮಾಡು. ಶುರುವಿನಲ್ಲಿ 'ಟಕ್' ಅನ್ನುವುದು ಆ ತಲೆಬರಹ, ಅದನ್ನು ಕತ್ತರಿಸಿ ಹೊಸ ಹೆಸರಿನಲ್ಲಿ ಉಳಿಸಿಕೋ.

ಸೈಜೂ ಸೊನ್ನೆ ತೋರಿಸಿದರೆ ಕೆಲಸ ಕಷ್ಟ, ಆದರೆ ಕೈಬಿಡುವಂಥದ್ದಲ್ಲ. ಆಗ ನೀನೇನೂ ಮಾಡಬೇಡ. ಇಡೀ ಕಾರ್ಡಿನ ನಕಲನ್ನು ಒಂದೇ ಇಮೇಜ್ ಫೈಲಾಗಿ ತೆಗೆದು, ಆ ನಕಲಿನ ಮೇಲೆ ಫೋಟೋರೆಕ್ ಥರದ ಸಾಫ್ಟ್‌ವೇರ್ ಓಡಿಸಿ ಹುಡುಕಬೇಕು. ಅದನ್ನು ನಾನು ಕೂತು ಮಾಡುತ್ತೇನೆ. ಕಂಪ್ಯೂಟರ್ 'ಈ ಡಿಸ್ಕನ್ನು ಫಾರ್ಮ್ಯಾಟ್ ಮಾಡಲೇ' ಅಂತ ಕೇಳಿದರೆ ಬೇಡ ಅನ್ನು, ಎಷ್ಟು ಸಲ ಕೇಳಿದರೂ ಬೇಡ ಅನ್ನು.

ಇನ್ನು ಹೊಸ ಕಾರ್ಡಿನ ವಿಷಯ. ಅದು ಕೆಟ್ಟಿಲ್ಲ. ನಿನ್ನ ಆಂಪ್ ಹಳೆಯದು. 32 ಜಿಬಿಯವರೆಗಿನ ಎಸ್‌ಡಿಎಚ್‌ಸಿ ಕಾರ್ಡುಗಳನ್ನು ಫ್ಯಾಟ್32 ಎಂಬ, ಫೈಲುಗಳನ್ನು ಜೋಡಿಸಿಡುವ ಪದ್ಧತಿಯಲ್ಲಿ ಓದುವ ಕಾಲದ್ದು. 32 ದಾಟಿದ ಎಸ್‌ಡಿಎಕ್ಸ್‌ಸಿ ಕಾರ್ಡು ಅಂಗಡಿಯಿಂದಲೇ ಎಕ್ಸ್‌ಫ್ಯಾಟ್ ಎಂಬ ಬೇರೆ ಪದ್ಧತಿಯಲ್ಲಿ ಬರುತ್ತದೆ. ಕಂಪ್ಯೂಟರಿಗೆ ಅದು ಗೊತ್ತು, ಆಂಪಿಗೆ ಗೊತ್ತಿಲ್ಲ. ಸೋಮವಾರಪೇಟೆಯಲ್ಲಿ 8 ಅಥವಾ 16 ಜಿಬಿಯದ್ದು ಸಿಕ್ಕರೆ ತಾ. 8 ಜಿಬಿಯಲ್ಲೇ ಹನ್ನೆರಡು ಗಂಟೆಯ ಸ್ಟೀರಿಯೋ ಹಿಡಿಯುತ್ತದೆ, ಅವ್ವನ ಪದಗಳೆಲ್ಲ ಮುಗಿದರೂ ಜಾಗ ಮಿಗುತ್ತದೆ. ವೇಗಕ್ಕೆ ದುಡ್ಡು ಸುರಿಯಬೇಡ. ಈ ರೆಕಾರ್ಡಿಂಗಿಗೆ ಸೆಕೆಂಡಿಗೆ 0.2 ಎಂಬಿಯೂ ಬೇಡ, ಕ್ಲಾಸ್ 4 ಅಂದರೆ ಕನಿಷ್ಠ 4 ಎಂಬಿ, ಅದು ಧಾರಾಳ. ದುಡ್ಡು ಹಾಕುವುದಾದರೆ ಬಿಲ್ ಕೊಡುವ ಅಂಗಡಿಯ ಒಳ್ಳೆ ಕಾರ್ಡಿಗೆ ಹಾಕು. ಸಂತೆಯ ಗಾಡಿಯಲ್ಲಿ ಸಿಗುವ ಅಗ್ಗದ ಕಾರ್ಡುಗಳಲ್ಲಿ ಕೆಲವು, ಒಳಗೆ ನಾಲ್ಕು ಜಿಬಿ ಇಟ್ಟುಕೊಂಡು ಮೂವತ್ತೆರಡು ಅಂತ ಸುಳ್ಳು ಹೇಳುತ್ತವೆ. ನಾಲ್ಕು ತುಂಬುವವರೆಗೆ ಎಲ್ಲ ಸರಿ, ಆಮೇಲೆ ಬರೆದದ್ದು ಹಾಳು. ತಂದ ಕೂಡಲೇ, ಕಾರ್ಡ್ ಖಾಲಿಯಿರುವಾಗಲೇ, ಕಂಪ್ಯೂಟರಿನಲ್ಲಿ ಎಚ್2ಟೆಸ್ಟ್‌ಡಬ್ಲ್ಯೂ ಎಂಬ, ಕಾರ್ಡಿನ ನಿಜವಾದ ಗಾತ್ರ ಪರೀಕ್ಷಿಸುವ ಸಾಫ್ಟ್‌ವೇರ್ ಓಡಿಸಿದರೆ ಬಣ್ಣ ಬಯಲಾಗುತ್ತದೆ. ಅದು ಪಾಸಾದ ಮೇಲೆ ಆಂಪಿನ ಮೆನುವಿನಲ್ಲೇ ಫಾರ್ಮ್ಯಾಟ್ ಮಾಡು. ಹೊಸ ಕಾರ್ಡನ್ನು, ಹಳೆಯದನ್ನಲ್ಲ.

ಇನ್ನೊಂದು ಮಾತು, ಇದನ್ನು ಚೆನ್ನಾಗಿ ಮನಸ್ಸಿಗೆ ಹಾಕಿಕೋ. ಲೂಪರಿನಲ್ಲಿ, ಅಂದರೆ ಹಿಡಿದ ದನಿಯನ್ನು ಮತ್ತೆ ಮತ್ತೆ ನುಡಿಸುವ ಆಂಪಿನ ಭಾಗದಲ್ಲಿ, ಹಿಡಿದದ್ದು ಮೊದಲು ಕೂರುವುದು ಆಂಪಿನ ಒಳಗಿನ ಮೆಮೊರಿಯಲ್ಲಿ. ಎಷ್ಟೋ ಆಂಪುಗಳಲ್ಲಿ ಸ್ವಿಚ್ ಆರಿಸಿದರೆ ಅದು ಹೋಯಿತು. ಕಾರ್ಡಿಗೆ ಹೋಗಬೇಕಾದರೆ ಬೇರೆಯಾಗಿ ಸೇವ್ ಒತ್ತಬೇಕು, ಪರದೆಯ ಮೇಲಿನ ಮಾತು ಮಾಯವಾಗುವವರೆಗೆ ಕಾಯಬೇಕು. ಅಲ್ಲಿಯವರೆಗೆ ಕಾರ್ಡ್ ಎಳೆಯಬೇಡ, ಸ್ವಿಚ್ ಮುಟ್ಟಬೇಡ. ಅವ್ವನಿಗೆ ಒಂದು ಪದ ಮುಗಿದ ಕೂಡಲೇ ಇನ್ನೊಂದು ನೆನಪಾಗುತ್ತದೆ, ಎತ್ತಿಕೊಂಡುಬಿಡುತ್ತಾಳೆ, ನನಗೆ ಗೊತ್ತು. ಆಗ ಧೈರ್ಯವಾಗಿ 'ಅಜ್ಜಿ, ಸ್ವಲ್ಪ ತಡಿ' ಅನ್ನು. ಒಂದೊಂದು ಪದಕ್ಕೆ ಒಂದೊಂದು ಫೈಲ್ ಮಾಡು, ಒಂದು ಕೆಟ್ಟರೂ ಉಳಿದವು ಉಳಿಯುತ್ತವೆ. ಕಾರ್ಡಿನಿಂದಲೇ ಹಾಕಿ ಕೇಳಿದ ಮೇಲೆ ಮಾತ್ರ ಮುಂದಿನ ಪದ. ಅದೇ ರಾತ್ರಿ ಕಂಪ್ಯೂಟರಿಗೊಂದು, ಪೆನ್‌ಡ್ರೈವಿಗೊಂದು ನಕಲು.

ನಿಮ್ಮ ಕಡೆಯ ಕರೆಂಟು ಪುಷ್ಯ, ಆಶ್ಲೇಷ ಎರಡೂ ಮುಗಿಯುವ ತನಕ ಹೀಗೇ. ಆಂಪಿನ ಪ್ಲಗ್ಗನ್ನು ಕಂಪ್ಯೂಟರಿನ ಯುಪಿಎಸ್‌ಗೆ ಹಾಕಿಕೋ, ಸೇವ್ ಆಗುವಷ್ಟು ಹೊತ್ತು ಅದು ಸಾಕು. ಗುಡುಗಿನ ದಿನ ರೆಕಾರ್ಡಿಂಗೇ ಬೇಡ, ಪ್ಲಗ್ ಕಿತ್ತಿಡು. ಕಾರ್ಡಿಗೆ ಥಂಡಿ ಹಿಡಿಯದಿರಲಿ ಅಂತ ಒಲೆ ಮೇಲಿನ ಅಟ್ಟದಲ್ಲಿ ಇಡುವುದೂ ಬೇಡ, ಹೊಗೆ ಮಸಿ ಆ ಚಿನ್ನದ ಬಣ್ಣದ ಪಟ್ಟಿಗಳ ಮೇಲೆ ಕೂರುತ್ತದೆ. ಬಿಗಿ ಮುಚ್ಚಳದ ಡಬ್ಬಿ, ಒಳಗೆ ಸಿಲಿಕಾ ಜೆಲ್ ಪೊಟ್ಟಣ, ಅಷ್ಟು ಸಾಕು. ಪಟ್ಟಿ ಮಂಕಾಗಿದ್ದರೆ ಐಸೋಪ್ರೊಪೈಲ್ ಆಲ್ಕೊಹಾಲ್ ಹಚ್ಚಿದ ಮೆತ್ತನೆ ಬಟ್ಟೆಯಲ್ಲಿ ಒರೆಸಿ, ಒಣಗಿದ ಮೇಲೆ ಹಾಕು.

ಆ ಪದಗಳನ್ನು ಸಾಲಿನಲ್ಲಿ ನಿಂತು ಹಾಡುತ್ತಿದ್ದವರಲ್ಲಿ ಈಗ ನಮ್ಮ ಮನೆಯಲ್ಲಿ ಉಳಿದವಳು ಅವ್ವ ಒಬ್ಬಳೇ. ನೀನು ಅವಳ ಮುಂದೆ ಮೈಕ್ ಇಟ್ಟೆ ಅಂತ ಕೇಳಿ ನನಗೆ ಎಷ್ಟು ಸಂತೋಷವಾಯಿತೆಂದು ಬರೆದು ತಿಳಿಸಲಾರೆ. ಕೆಮ್ಮು ಪೂರ್ತಿ ಹೋಗುವವರೆಗೆ ಅವಳನ್ನು ಮತ್ತೆ ಹಾಡು ಅಂತ ಕೂರಿಸಬೇಡ.

ಸೈಜ್ ಎಷ್ಟಿದೆ, ಆಂಪಿನ ಪರದೆಯಲ್ಲಿ ಏನು ಅಕ್ಷರ ಬರುತ್ತದೆ, ಇವೆರಡನ್ನೂ ಮೆಸೇಜ್ ಮಾಡು. ಸೊನ್ನೆಯಾಗಿದ್ದರೆ ಕಾರ್ಡನ್ನು ಡಬ್ಬಿಯಲ್ಲಿ ಹಾಕಿ ಶನಿವಾರ ನಿನ್ನಪ್ಪ ಇಲ್ಲಿಗೆ ಬರುವಾಗ ಕೊಟ್ಟು ಕಳಿಸು. ಆಂಪಿನ ಪುಸ್ತಕವನ್ನೂ ಮರೆಯದೆ ಕಳಿಸು.

ಇಂತಿ ನಿನ್ನ
ದೊಡ್ಡಪ್ಪ