ಹ್ಯಾಮ್ಲೆಟ್ ಹೇಡಿಯೇ?

ಮಾನ್ಯರೇ,

ಶೇಕ್ಸ್‌ಪಿಯರ್ ನಾಟಕದ ರಾಜಕುಮಾರ ಹ್ಯಾಮ್ಲೆಟ್ ಎಂದರೆ, ಅಪ್ಪನನ್ನು ಕೊಂದ ಚಿಕ್ಕಪ್ಪನ ಮೇಲೆ ಸೇಡು ತೀರಿಸಿಕೊಳ್ಳಲು ಮೀನಮೇಷ ಎಣಿಸುವವನು ಎಂಬ ಮಾತು ಕೇಳಿ ಕೇಳಿ ಸಾಕಾಗಿದೆ. ಯೋಚನೆ ಜಾಸ್ತಿಯಾಗಿ ಕೈ ಕಟ್ಟಿಹೋಯಿತು ಎಂದ ಇಂಗ್ಲಿಷ್ ಕವಿ ಕೋಲ್‌ರಿಜ್. 1904ರಲ್ಲಿ ವಿಮರ್ಶಕ ಬ್ರಾಡ್ಲಿ, ಅದು ವಿಷಾದ ಎಂದರು. 1919ರಲ್ಲಿ ಕವಿ ಎಲಿಯಟ್ ನಾಟಕವೇ ಸೋತಿದೆ ಎಂದುಬಿಟ್ಟರು!

ಆದರೆ ಪರದೆಯ ಹಿಂದೆ ಯಾರೆಂದೂ ನೋಡದೆ ಮಂತ್ರಿ ಪೊಲೋನಿಯಸ್‌ನನ್ನು ಇರಿದವನು ಇವನೇ ಅಲ್ವಾ? ಕಡಲ್ಗಳ್ಳರ ಹಡಗಿಗೆ ಒಬ್ಬನೇ ಹತ್ತಿದವನೂ ಇವನೇ. ಅವನ ಅನುಮಾನವೆಲ್ಲ, ಅಪ್ಪನ ರೂಪದಲ್ಲಿ ಬಂದು ಚಿಕ್ಕಪ್ಪನೇ ಕೊಂದ ಎಂದು ಹೇಳಿದ ಆ ಭೂತದ ಮೇಲೆ. ಅದು ಅಪ್ಪನೋ, ಪಿಶಾಚಿಯೋ? ಅದಕ್ಕೇ ಅರಮನೆಯಲ್ಲಿ ಅಂಥದೇ ಕೊಲೆಯ ನಾಟಕ ಆಡಿಸಿ ಚಿಕ್ಕಪ್ಪನ ಮುಖ ನೋಡಿದ. ಸಾಕ್ಷಿ ಹುಡುಕಿದರೆ ಹೇಡಿಯೇ?

ನಿಜ, ಸಾಕ್ಷಿ ಸಿಕ್ಕ ಮೇಲೂ ಪ್ರಾರ್ಥನೆಗೆ ಕೂತ, ಈಗ ಅರಸನಾಗಿರುವ ಆ ಚಿಕ್ಕಪ್ಪನನ್ನು ಸುಮ್ನೆ ಬಿಟ್ಟ. ಕಾರಣ ಕರುಣೆಯಲ್ಲ. ಈಗ ಕೊಂದರೆ ಅವನು ಸ್ವರ್ಗಕ್ಕೆ ಹೋಗುತ್ತಾನೆ ಎಂಬ ಹೊಟ್ಟೆಯುರಿ!

– ಒಬ್ಬ ಓದುಗ, ಧಾರವಾಡ