ನೀರು ಬಿಡುವ ಹೊತ್ತು ಕಡಿಮೆ ಮಾಡುವ ಮೊದಲು ಸೋರಿಕೆ ಹುಡುಕಿಸಿ: ಸೇನಾ ನೆಲೆಯ ನಿವಾಸಿಗಳ ಮನವಿ

ಇವರಿಗೆ,
ಸ್ಟೇಷನ್ ಕಮಾಂಡರ್

ಇವರಿಂದ,
ಕ್ವಾರ್ಟರ್ಸ್ ನಿವಾಸಿಗಳು

ವಿಷಯ: ನೆಲೆಯೊಳಗೆ ಪೋಲಾಗುತ್ತಿರುವ ನೀರನ್ನು ಉಳಿಸುವ ಬಗ್ಗೆ

ಮಾನ್ಯರೇ,

ಈ ಬೇಸಿಗೆಯಲ್ಲಿ ಕ್ವಾರ್ಟರ್ಸ್‌ಗೆ ನೀರು ಬಿಡುವ ಹೊತ್ತು ಕಡಿಮೆಯಾಗಿದೆ. ಇರುವಷ್ಟನ್ನು ಹಂಚಿಕೊಂಡು ಬಳಸಲು ನಾವು ತಯಾರಿದ್ದೇವೆ. ಡ್ಯೂಟಿ ಮುಗಿಸಿ ಬೆವರಿ ಬಂದವರು ಅರ್ಧ ಬಕೆಟ್‌ನಲ್ಲೇ ಸ್ನಾನ ಮುಗಿಸುತ್ತಿದ್ದಾರೆ. ಆದರೆ ನೀರು ಎಲ್ಲಿ ಹೋಗುತ್ತಿದೆ ಅಂತ ಮೊದಲು ನೋಡಬೇಕಲ್ವಾ?

ಮಕ್ಕಳು ಆಡುವ ಜಾಗದ ಪಕ್ಕದ ವಾಲ್ವ್ ಗುಂಡಿಯನ್ನು ದಯವಿಟ್ಟು ಒಮ್ಮೆ ಬಂದು ನೋಡಿ. ಸುತ್ತಲಿನ ಹುಲ್ಲೆಲ್ಲ ಒಣಗಿದೆ, ಅಲ್ಲಿ ಮಾತ್ರ ಒಂದು ಚಾಪೆಯಷ್ಟಗಲ ಹಚ್ಚಗಿದೆ. ಕಾಲಿಟ್ಟರೆ ಚಪ್ಪಲಿ ಹೂತುಕೊಳ್ಳುತ್ತದೆ. ಮುಚ್ಚಳಕ್ಕೆ ಕಿವಿಗೊಟ್ಟರೆ ಒಳಗೆ ಸುಂಯ್ ಅನ್ನುವ ಸದ್ದು. ಎರಡು ಸಲ ಹೇಳಿದ್ದೇವೆ, ಇನ್ನೂ ಯಾರೂ ಬಂದಿಲ್ಲ.

ಕಣ್ಣಿಗೆ ಕಾಣದ ಸೋರಿಕೆ ಎಷ್ಟಿದೆಯೋ! ಅದನ್ನು ಹಿಡಿಯಲು ದೊಡ್ಡ ಖರ್ಚು ಬೇಡ. ಒಂದು ರಾತ್ರಿ 2ರಿಂದ 4 ಗಂಟೆವರೆಗೆ ಲೈನ್ ತೆರೆದಿಟ್ಟು, ಒಂದೊಂದು ಬ್ಲಾಕಿನ ಮೀಟರ್ ಓದಿಸಿ. ಆ ಹೊತ್ತಿಗೆ ಎಲ್ಲರೂ ಮಲಗಿರುತ್ತಾರೆ. ಟ್ಯಾಂಕುಗಳು ತುಂಬಿದ ಮೇಲೂ ಮೀಟರ್ ಜೋರಾಗಿ ತಿರುಗುತ್ತಿದ್ದರೆ, ಆ ಲೈನಿನಲ್ಲಿ ಸೋರಿಕೆ ಹುಡುಕಬಹುದು. ಗಾರ್ಡ್ ರೂಮ್, ಆಸ್ಪತ್ರೆಗಳಲ್ಲಿ ರಾತ್ರಿಯೂ ಬಳಕೆ ಇರುತ್ತದೆ, ಅದನ್ನು ಕಳೆದು ಲೆಕ್ಕ ಹಾಕಬೇಕು. ಪೈಪ್‌ಲೈನ್ ನಕ್ಷೆಯನ್ನು ನಾವು ಕೇಳುತ್ತಿಲ್ಲ, ಭದ್ರತೆಯ ವಿಷಯ ನಮಗೂ ಗೊತ್ತು. ಬೆಂಕಿ ನಂದಿಸಲು ಮೀಸಲಿಟ್ಟ ನೀರನ್ನೂ ಮುಟ್ಟುವುದು ಬೇಡ.

ಗಾಡಿ ತೊಳೆಯುವ ಕಟ್ಟೆಯದೂ ಒಂದು ಮಾತು. ಅಲ್ಲಿನ ನೀರು ಸುಮ್ನೆ ಚರಂಡಿ ಸೇರುತ್ತಿದೆ. ಕೆಸರು ತಳಕ್ಕಿಳಿಯಲು ಒಂದು ತೊಟ್ಟಿ, ಎಣ್ಣೆ ಬೇರ್ಪಡಿಸಲು ಇನ್ನೊಂದು ಮಾಡಿಸಿದರೆ, ಅದೇ ನೀರಿನಲ್ಲಿ ಮತ್ತೆ ಗಾಡಿ ತೊಳೆಯಬಹುದು. ಪರೇಡ್ ಮೈದಾನದ ಧೂಳಿಗೆ ಕುಡಿಯುವ ನೀರನ್ನೇ ಚಿಮುಕಿಸುವುದನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ. ಬಳಸಿ ಬಿಟ್ಟ ನೀರನ್ನು ಶುದ್ಧೀಕರಿಸಿ ಕೊಟ್ಟರೆ ಅಲ್ಲಿಗೆ ಸಾಕು.

ಮಳೆಗಾಲಕ್ಕೆ ಮುಂಚೆ ದೊಡ್ಡ ಶೆಡ್ಡುಗಳ ಛಾವಣಿಗೆ ಪೈಪ್ ಜೋಡಿಸಿ. 1,000 ಚದರ ಮೀಟರ್ ಛಾವಣಿಯ ಮೇಲೆ 10 ಮಿಲಿಮೀಟರ್ ಮಳೆ ಬಿದ್ದರೆ 10,000 ಲೀಟರ್ ನೀರು! ಒಂದಿಷ್ಟು ಆವಿಯಾಗಿ, ಚೆಲ್ಲಿ ಹೋದರೂ ಬಹುಪಾಲು ಸಿಗುತ್ತದೆ.

ನಮ್ಮ ಮನೆಗಳ ಜವಾಬ್ದಾರಿ ನಮ್ಮದು. ಸೆಕೆಂಡಿಗೊಂದು ಹನಿ ತೊಟ್ಟಿಕ್ಕುವ ನಲ್ಲಿಯಿಂದ ದಿನಕ್ಕೆ ಸುಮಾರು 20 ಲೀಟರ್ ಹೋಗುತ್ತದೆ. ಅಂಥ ನಲ್ಲಿಗಳಿಗೆ ವಾಷರ್ ಹಾಕಿಸುತ್ತಿದ್ದೇವೆ. ಫ್ಲಶ್ ಟ್ಯಾಂಕಿಗೆ ಸ್ವಲ್ಪ ಬಣ್ಣ ಬೆರೆಸಿ, ಫ್ಲಶ್ ಮಾಡದೆಯೇ ಅದು ಕೆಳಗೆ ಇಳಿಯುತ್ತದೆಯೇ ಅಂತ ಮನೆಮನೆಯಲ್ಲೂ ನೋಡುತ್ತಿದ್ದೇವೆ.

ಮೊದಲು ವಾಲ್ವ್ ಗುಂಡಿ ರಿಪೇರಿ, ಆಮೇಲೆ ರಾತ್ರಿ ಮೀಟರ್ ಪರೀಕ್ಷೆ. ಇವೆರಡನ್ನು ಈ ತಿಂಗಳೇ ಮಾಡಿಸಿಕೊಡಿ. ಮೀಟರ್ ಓದಲು ಜನ ಸಾಲದಿದ್ದರೆ ಪ್ರತಿ ಬ್ಲಾಕಿನಿಂದ ಇಬ್ಬರು ಬರುತ್ತೇವೆ.

ಇಂತಿ,
ಕ್ವಾರ್ಟರ್ಸ್ ನಿವಾಸಿಗಳು