ಡೆ ಲಾ ಸೋಲ್ ಆಲ್ಬಮ್ ಕಲಸುಮೇಲೋಗರವಲ್ಲ

ಮಾನ್ಯ ಸಂಪಾದಕರೇ,

ಹಿಪ್-ಹಾಪ್ ಸಂಗೀತ ಕುರಿತು ನಿಮ್ಮ ಪುರವಣಿಯಲ್ಲಿ ಬಂದ ಲೇಖನವು ಡೆ ಲಾ ಸೋಲ್ ತಂಡದ 2016ರ ಆಲ್ಬಮ್ 'ಆಂಡ್ ದಿ ಅನಾನಿಮಸ್ ನೋಬಡಿ'ಯನ್ನು ರಾಕ್, ಸೋಲ್, ಫಂಕ್‌ಗಳ ಕಲಸುಮೇಲೋಗರವೆಂದು ಒಂದೇ ಮಾತಿನಲ್ಲಿ ತಳ್ಳಿಹಾಕಿದ್ದನ್ನು ಓದಿ ಬೇಸರವಾಯಿತು. ಆ ಆಲ್ಬಮ್ ಹಾಗೇಕೆ ರೂಪುಗೊಂಡಿತು ಎಂಬುದನ್ನು ಲೇಖಕರು ವಿಚಾರಿಸಿದಂತಿಲ್ಲ.

ನ್ಯೂಯಾರ್ಕ್‌ನ ಲಾಂಗ್ ಐಲೆಂಡ್‌ನಲ್ಲಿ ಹುಟ್ಟಿಕೊಂಡ ಈ ಮೂವರ ತಂಡಕ್ಕೆ ಬೆರೆಸುವ ಗುಣ ಮೊದಲಿನಿಂದಲೂ ಇತ್ತು. 1989ರ ಮೊದಲ ಆಲ್ಬಮ್‌ನಲ್ಲಿಯೇ ಅವರು ನಿರ್ಮಾಪಕ ಪ್ರಿನ್ಸ್ ಪಾಲ್ ಜೊತೆ ಸೇರಿ ಸ್ಟೀಲಿ ಡ್ಯಾನ್‌ನ ನಯವಾದ ರಾಕ್, ಜಾನಿ ಕ್ಯಾಶ್ ಅವರ ಕಂಟ್ರಿ ದನಿ, ಫ್ರೆಂಚ್ ಪಾಠದ ಧ್ವನಿಮುದ್ರಿಕೆ ಎಲ್ಲವನ್ನೂ ತುಣುಕು ತುಣುಕಾಗಿ ಎತ್ತಿ ಹೊಸ ಹಾಡುಗಳನ್ನು ಹೆಣೆದಿದ್ದರು. ಅದಕ್ಕೆ ತೆತ್ತ ಬೆಲೆ ದೊಡ್ಡದು. 1960ರ ದಶಕದ ದಿ ಟರ್ಟಲ್ಸ್ ತಂಡದ ಮಾಜಿ ಸದಸ್ಯರು ಅನುಮತಿಯಿಲ್ಲದ ಒಂದು ಸ್ಯಾಂಪಲ್‌ಗಾಗಿ, ಅಂದರೆ ತಮ್ಮ ಧ್ವನಿಮುದ್ರಿಕೆಯಿಂದ ಎತ್ತಿಕೊಂಡ ತುಣುಕಿಗಾಗಿ, ದಾವೆ ಹೂಡಿದರು. ಅದು ನ್ಯಾಯಾಲಯದ ಹೊರಗೆ ಇತ್ಯರ್ಥವಾಯಿತಾದರೂ, ಸ್ಯಾಂಪಲ್‌ಗಳ ಹಕ್ಕಿನ ತೊಡಕುಗಳು ಅಲ್ಲಿಗೇ ಮುಗಿಯಲಿಲ್ಲ. ಡಿಜಿಟಲ್ ಕಾಲ ಬಂದಾಗ ತಂಡದ ಆರಂಭದ ಆಲ್ಬಮ್‌ಗಳು ಇದೇ ತೊಡಕಿನಲ್ಲಿ ಸಿಲುಕಿ, 2023ರ ಮಾರ್ಚ್‌ವರೆಗೆ ಸ್ಟ್ರೀಮಿಂಗ್ ಕೇಳುಗರನ್ನು ತಲುಪಲೇ ಇಲ್ಲ.

ಈ ಹಿನ್ನೆಲೆಯಲ್ಲಿಯೇ 2016ರ ಆಲ್ಬಮನ್ನು ಕೇಳಬೇಕು. ಬೇರೆಯವರ ಧ್ವನಿಮುದ್ರಿಕೆಗಳನ್ನು ಮುಟ್ಟುವ ಬದಲು ಅವರು ರಿದಮ್ ರೂಟ್ಸ್ ಆಲ್‌ಸ್ಟಾರ್ಸ್ ವಾದ್ಯತಂಡವನ್ನು ಕೂರಿಸಿಕೊಂಡು, ಇನ್ನೂರು ಗಂಟೆಗಳಿಗೂ ಹೆಚ್ಚು ಕಾಲ ಫಂಕ್, ಜಾಝ್, ಸೋಲ್, ರಾಕ್ ಎಂಬ ಗೆರೆಗಳಿಲ್ಲದೆ ಮನಬಂದಂತೆ ನುಡಿಸಲು ಬಿಟ್ಟು, ಹಾಗೆ ಮುದ್ರಿಸಿಕೊಂಡ ತಮ್ಮದೇ ಸಂಗೀತದಿಂದ ತುಣುಕುಗಳನ್ನು ಆಯ್ದು ಹಾಡುಗಳನ್ನು ಕಟ್ಟಿದರು. ಹಳೆಯ ರೆಕಾರ್ಡುಗಳನ್ನು ಹುಡುಕಿ ತೆಗೆಯುತ್ತಿದ್ದ ಕಿವಿಯೇ ಇಲ್ಲಿಯೂ ಕೆಲಸ ಮಾಡಿದೆ. ಹುಡುಕುವ ರಾಶಿ ಮಾತ್ರ ಅವರೇ ಬೆಳೆದದ್ದು. ಇದಕ್ಕಿಂತ ಅಪ್ಪಟ ಹಿಪ್-ಹಾಪ್ ವಿಧಾನ ಯಾವುದಿದೆಯೋ ನನಗೆ ತಿಳಿಯದು. ಹಣ ಬಂದದ್ದೂ ಕೇಳುಗರಿಂದಲೇ: 2015ರಲ್ಲಿ ಜನರಿಂದ ಹಣ ಸಂಗ್ರಹಿಸುವ ಜಾಲತಾಣ ಕಿಕ್‌ಸ್ಟಾರ್ಟರ್ ಮೂಲಕ ಅವರು ಕೇಳಿದ್ದು 1,10,000 ಡಾಲರ್, ಸಂಗ್ರಹವಾದದ್ದು ಆರು ಲಕ್ಷ ಡಾಲರಿಗೂ ಹೆಚ್ಚು.

ಎಲ್ಲ ಹಾಡುಗಳೂ ಒಂದೇ ಮಟ್ಟದಲ್ಲಿವೆ ಎಂದು ನಾನು ವಾದಿಸುವುದಿಲ್ಲ. ಅಷರ್, ಸ್ನೂಪ್ ಡಾಗ್, ಡೇವಿಡ್ ಬರ್ನ್, ಡೇಮನ್ ಆಲ್ಬರ್ನ್ ಮೊದಲಾದ ಅತಿಥಿಗಳ ಸಾಲು ಉದ್ದವಾಗಿದ್ದು, ಕೆಲವೆಡೆ ಮನೆಯವರ ದನಿಯೇ ಹಿಂದೆ ಸರಿದಂತೆ ಕೇಳಿಸುತ್ತದೆ. ಆದರೆ ರಾಕ್ ಗಾಯಕ ಜಸ್ಟಿನ್ ಹಾಕಿನ್ಸ್ ಹಾಡಿರುವ 'ಲಾರ್ಡ್ ಇಂಟೆಂಡೆಡ್'ನಲ್ಲಿ ಗಿಟಾರ್ ಅಬ್ಬರಿಸುವುದು ಅಲಂಕಾರಕ್ಕಲ್ಲ, ಹಾಡಿನ ಕಟ್ಟಡವೇ ಅದರ ಮೇಲೆ ನಿಂತಿದೆ. ಲಿಟಲ್ ಡ್ರ್ಯಾಗನ್ ತಂಡದೊಂದಿಗಿನ 'ಡ್ರಾನ್'ನಲ್ಲಂತೂ ಗಾಯನ ನಿಧಾನವಾಗಿ ಹರಡಿಕೊಳ್ಳುತ್ತಾ ಹೋಗಿ, ರ‍್ಯಾಪ್ ಕೊನೆಯ ಹೊತ್ತಿಗಷ್ಟೇ ಪ್ರವೇಶಿಸುತ್ತದೆ. ಸುಮಾರು ಮೂರು ದಶಕ ಹಾಡಿದವರಿಗೆ ಮಾತ್ರ ಬರುವ ಸಂಯಮ ಅದು.

ತಂಡದ ಟ್ರೂಗೋಯ್, ಅಂದರೆ ಡೇವಿಡ್ ಜೋಲಿಕೋರ್, 2023ರ ಫೆಬ್ರುವರಿಯಲ್ಲಿ, ಹಳೆಯ ಹಾಡುಗಳು ಸ್ಟ್ರೀಮಿಂಗ್‌ಗೆ ಬರಲು ಮೂರು ವಾರಗಳೂ ಇಲ್ಲದಿದ್ದಾಗ ತೀರಿಕೊಂಡರು. ಮೂವರೂ ಕೂಡಿ ಸಿದ್ಧಪಡಿಸಿ ಹೊರತಂದ ಕೊನೆಯ ಆಲ್ಬಮ್ 2016ರ ಇದೇ. ಪುರವಣಿಯಲ್ಲಿ ಇದಕ್ಕೊಂದು ಪೂರ್ಣ ವಿಮರ್ಶೆ ಪ್ರಕಟಿಸಬೇಕೆಂದು ಕೋರುತ್ತೇನೆ.

ಇಂತಿ,
ಓರ್ವ ಓದುಗ